ಇಲ್ಲದವನ ಮನೆಯ ದಾರಿ

ಸುಳ್ಳೆಂದು ಬಲ್ಲ ಸಂಗತಿಯನ್ನು ನಿಜವೆಂಬಂತೆ ಗೌರವಿಸುವುದು ತಪ್ಪೆ? ಹೀಗೆ ಕೇಳಿದರೆ ಇದು ತರ್ಕಶಾಸ್ತ್ರದ ತರಗತಿಯ ಪ್ರಶ್ನೆಯಂತೆ ತೋರೀತು. ಲಂಡನ್ ನಗರದಲ್ಲಿ ಮಾತ್ರ ಇದು ಕಾಲ್ನಡಿಗೆಯಲ್ಲಿ ಓಡಾಡುವ ಪ್ರಶ್ನೆ. ಭೂಗರ್ಭ ರೈಲಿನ ನಿಲ್ದಾಣವೊಂದರ ಬಾಗಿಲಲ್ಲಿ ಹತ್ತಿಪ್ಪತ್ತು ಜನ ಕೂಡುತ್ತಾರೆ. ಮಾರ್ಗದರ್ಶಕರೊಬ್ಬರು ಮಡಿಸಿದ ಕೊಡೆಯನ್ನು ಮೇಲೆತ್ತಿ ಹಿಡಿದು ಮುಂದೆ ನಡೆಯುತ್ತಾರೆ. ಎರಡು ಗಂಟೆಯ ಹೊತ್ತು ಬೀದಿ ಬೀದಿ ಸುತ್ತಿಸಿ, ಷರ್ಲಾಕ್ ಹೋಮ್ಸ್ ಇಲ್ಲಿ ಊಟಕ್ಕೆ ಬರುತ್ತಿದ್ದ, ಇಲ್ಲಿ ಅವನ ಮೇಲೆ ಪುಂಡರು ಬಿದ್ದರು, ಈ ಕಡೆಯಿಂದಲೇ ಬಂಡಿಯೇರಿ ಹೋದ ಎಂದು ತೋರಿಸುತ್ತಾರೆ. ಜನ ಕತ್ತೆತ್ತಿ ಕಿಟಕಿಗಳನ್ನು ನೋಡುತ್ತಾರೆ. ಹೋಮ್ಸ್ ಎಂಬುವನು ಎಂದೂ ಇರಲಿಲ್ಲ. ಅದು ತೋರಿಸುವವರಿಗೂ ಗೊತ್ತು, ಹಣ ತೆತ್ತು ನೋಡುವವರಿಗೂ ಗೊತ್ತು.

ಕಾನನ್ ಡಾಯ್ಲ್ ತನ್ನ ಪತ್ತೇದಾರನನ್ನು 1887ರಲ್ಲಿ ಮೊದಲ ಬಾರಿಗೆ ಅಚ್ಚಿಗೆ ತಂದಾಗ ಅವನಿಗೆ ಬೇಕರ್ ಬೀದಿಯ 221ಬಿ ಎಂಬ ಮನೆಯನ್ನು ಕೊಟ್ಟ. ಆಗ ಆ ಬೀದಿಯ ಸಂಖ್ಯೆಗಳು ಅಷ್ಟು ದೂರ ಹೋಗಿಯೇ ಇರಲಿಲ್ಲ. ಯಾರಿಗೂ ಸೇರದ ವಿಳಾಸ. ಯಾರೂ ವ್ಯಾಜ್ಯ ಹೂಡುವಂತಿಲ್ಲ. ಮುಂದೆ ಬೀದಿ ಬೆಳೆಯಿತು, ಮನೆಗಳಿಗೆ ಹೊಸ ಸಂಖ್ಯೆ ಬಂತು. 219ರಿಂದ 229ರ ವರೆಗಿನ ಜಾಗದಲ್ಲಿ, ಮನೆ ಕಟ್ಟುವವರಿಗೆ ಸಾಲ ಕೊಡುವ ಸಂಸ್ಥೆಯೊಂದರ ದೊಡ್ಡ ಕಚೇರಿ 1932ರಲ್ಲಿ ಎದ್ದಿತು. ಎದ್ದದ್ದೇ ತಡ, ಹೋಮ್ಸನ ಹೆಸರಿಗೆ ಕಾಗದಗಳು ಬರತೊಡಗಿದವು. ಸಂಸ್ಥೆಯವರು ಅವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಉತ್ತರ ಬರೆಯುವುದಕ್ಕೆಂದೇ ಒಬ್ಬರನ್ನು ಇಟ್ಟರು. ಹೋಮ್ಸ್ ಮಹಾಶಯರು ನಿವೃತ್ತರಾಗಿ ಸಸೆಕ್ಸ್ ಪ್ರಾಂತದಲ್ಲಿ ಜೇನು ಸಾಕಿಕೊಂಡಿದ್ದಾರೆ ಎಂದು ಉತ್ತರ ಹೋಗುತ್ತಿತ್ತು. ಇದನ್ನು ಮೋಸವೆನ್ನಲು ನನಗೆ ನಾಲಗೆ ಏಳದು. ಬರೆದವನ ಕನಸನ್ನು ಕೆಡಿಸಲೂ ಇಲ್ಲ, ನಿನ್ನ ಕಷ್ಟ ಪರಿಹರಿಸುತ್ತೇವೆಂದು ಹುಸಿ ಆಸೆ ಹುಟ್ಟಿಸಲೂ ಇಲ್ಲ. ನಾವು ದಿನವೂ ಹೇಳುವ ಎಷ್ಟೋ ನಿಜಗಳಲ್ಲಿ ಇಷ್ಟು ಸೌಜನ್ಯ ಇರುವುದಿಲ್ಲ.

ಅದೇ ಬೀದಿಯ ವಸ್ತುಸಂಗ್ರಹಾಲಯದ ಮಾತು ತುಸು ಬೇರೆ. 1990ರಲ್ಲಿ ತೆರೆದ ಆ ಮನೆ ಇರುವುದು 237ಕ್ಕೂ 241ಕ್ಕೂ ನಡುವೆ. ಬಾಗಿಲ ಮೇಲೆ ಮಾತ್ರ 221ಬಿ. ದೊಡ್ಡವರು ಬಾಳಿದ ಮನೆಗಳಿಗೆ ಗುಂಡಗಿನ ನೀಲಿ ಫಲಕ ಹಾಕುವ ಪದ್ಧತಿ ಲಂಡನ್ನಿನಲ್ಲಿ ಉಂಟು. ಅದನ್ನೇ ಹೋಲುವ ಫಲಕ ಇಲ್ಲಿಯೂ ಇದೆ: 1881ರಿಂದ 1904ರ ವರೆಗೆ ಹೋಮ್ಸ್ ಇಲ್ಲಿದ್ದನಂತೆ. ಕಾಗದಕ್ಕೆ ಉತ್ತರ ಬರೆದವರ ಸುಳ್ಳಿಗೆ ಬೆಲೆ ಕಟ್ಟಿರಲಿಲ್ಲ. ಈ ಸುಳ್ಳಿಗೆ ಟಿಕೆಟ್ಟಿದೆ. ಆದರೂ ಜನ ಸಾಲು ನಿಲ್ಲುತ್ತಾರೆ. ನಿಂತವರಲ್ಲಿ ನಾನೂ ಒಬ್ಬ, ಆದ್ದರಿಂದ ಹೆಚ್ಚು ಆಡಿಕೊಳ್ಳುವಂತಿಲ್ಲ.

ಇದು ಇಂಗ್ಲಿಷರ ಹುಚ್ಚು ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲದ ಊರು. ಶಂಕರನಾಗ್ ಆ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸಿದಾಗ ಅರಸಾಳು ಅದರ ನಿಲ್ದಾಣವಾಗಿ ನಟಿಸಿತು. ನಟಿಸಿದ ಊರಿಗೇ ಈಗ ಪಾತ್ರದ ಹೆಸರು ಅಂಟಿದೆ.

ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇಲ್ಲಿ ಶ್ರೀಶಂಕುಕನ ನೆನಪಾಗದೆ ಇರದು. ಒಂಬತ್ತನೆಯ ಶತಮಾನದ ಆ ಕಾಶ್ಮೀರ ಪಂಡಿತನ ಗ್ರಂಥ ನಮಗೆ ಉಳಿದಿಲ್ಲ. ಅವನ ಅಭಿಪ್ರಾಯ ಉಳಿದಿರುವುದು ಅಭಿನವಗುಪ್ತನ ವ್ಯಾಖ್ಯಾನದಲ್ಲಿ. ರಂಗದ ಮೇಲೆ ನಟನನ್ನು ಕಂಡು ಇವನು ರಾಮ ಎಂದುಕೊಳ್ಳುತ್ತೇವಲ್ಲ, ಆ ಅರಿವು ಯಾವ ಬಗೆಯದು? ನಿಜವಾದ ಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಇವನು ರಾಮನಂತೆ ಇದ್ದಾನೆ ಎಂಬ ಹೋಲಿಕೆಯೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆ ಎನ್ನುತ್ತೇವೆ; ಹುಲ್ಲು ಹಾಕಲು ಹೋಗುವುದಿಲ್ಲ, ಸುಳ್ಳು ಹೇಳಿದೆವೆಂದು ನಾಚುವುದೂ ಇಲ್ಲ. ಈ ಅರಿವು ಅಂಥದು ಎಂದು ಅವನ ವಾದ. ಅಭಿನವಗುಪ್ತನ ಗುರು ಭಟ್ಟತೌತ ಇದನ್ನು ಬಲವಾಗಿ ಖಂಡಿಸಿದ; ಆದರೂ ಚಿತ್ರತುರಗ ಸಾವಿರ ವರ್ಷಗಳಿಂದ ಓಡುತ್ತಲೇ ಇದೆ. ಬೇಕರ್ ಬೀದಿಯ ಜನ ಕಿಟಕಿಯತ್ತ ಕತ್ತೆತ್ತಿದಾಗ ಅವರ ಕಣ್ಣಲ್ಲಿದ್ದುದು ಈ ಐದನೆಯ ಬಗೆಯ ಅರಿವೇ ಸರಿ. ಇಷ್ಟಕ್ಕೆ ನಿಂತಿದ್ದರೆ ನನ್ನ ಮೊದಲ ಪ್ರಶ್ನೆಗೆ ತಪ್ಪಿಲ್ಲ ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆ.

ಆದರೆ ಶಂಕುಕನ ಕುದುರೆಗೆ ಚೌಕಟ್ಟು ಇತ್ತು, ನಟನಿಗೆ ರಂಗವಿತ್ತು. ತೆರೆ ಬಿದ್ದರೆ ರಾಮ ಮುಗಿದ. ಈ ನಡಿಗೆಯಲ್ಲಿ ತೆರೆಯೆಂಬುದೇ ಇಲ್ಲ. ಕಥೆಯನ್ನು ತಂದು ನಿಜವಾದ ಬೀದಿಯ ಮೇಲೆ ಹಾಸಿದ್ದಾರೆ. ಆ ಬೀದಿಯಲ್ಲಿ ನಿಜವಾದ ಜನರೂ ಹುಟ್ಟಿ ನೊಂದು ಸತ್ತಿದ್ದಾರೆ. ಕಥೆಯ ಚಾಪೆಯ ಕೆಳಗೆ ಅವರೂ ಸೇರಿಹೋದರೆ ಏನಾದೀತು?

ಏನಾಗುತ್ತದೆಂಬುದನ್ನು ಅದೇ ನಗರದ ಪೂರ್ವಭಾಗದಲ್ಲಿ ನೋಡಬಹುದು. ಹೋಮ್ಸ್ ಅಚ್ಚಾದ ಮರುವರ್ಷ, 1888ರಲ್ಲಿ, ವೈಟ್‌ಚಾಪೆಲ್ ಸುತ್ತಿನಲ್ಲಿ ಐವರು ಬಡ ಹೆಂಗಸರ ಕೊಲೆಯಾಯಿತು. ಕೊಂದವನು ಸಿಕ್ಕಲಿಲ್ಲ, ಅವನಿಗೆ ಜ್ಯಾಕ್ ದ ರಿಪ್ಪರ್ ಎಂಬ ಬಿರುದು ಸಿಕ್ಕಿತು. ಅವನ ಹೆಸರಿನಲ್ಲಿಯೂ ಕತ್ತಲಾದ ಮೇಲೆ ನಡಿಗೆಗಳು ಹೊರಡುತ್ತವೆ. ಹೋಮ್ಸನ ನಡಿಗೆಯ ರೀತಿಯೇ ಅದಕ್ಕೂ: ಇಲ್ಲಿ ನಿಂತ, ಇಲ್ಲಿ ಹಿಂಬಾಲಿಸಿದ, ಇಲ್ಲಿ ಮಾಯವಾದ. ಆದರೆ ಇಲ್ಲಿ ಬಿದ್ದ ಮೈ ಬಣ್ಣದ ಮೈಯಲ್ಲ. ಮೇರಿ ಆನ್ ನಿಕಲ್ಸ್, ಆನಿ ಚ್ಯಾಪ್ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ. ಇವರ ಬಾಳು ಹೇಗಿತ್ತೆಂದು ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿ ಇಡೀ ಪುಸ್ತಕವನ್ನೇ ಬರೆದುಕೊಡಲು 2019 ಬರಬೇಕಾಯಿತು. ಇಲ್ಲದವನನ್ನು ಇದ್ದಾನೆ ಎಂದುಕೊಂಡರೆ ಯಾರಿಗೂ ಗಾಯವಿಲ್ಲ. ಇದ್ದವರನ್ನು ಕಥೆಯೆಂದುಕೊಳ್ಳುವುದರಲ್ಲಿ, ಸತ್ತವರಿಗೆ ಎರಡನೆಯ ಬಾರಿ ಅನ್ಯಾಯವಾಗುತ್ತದೆ.

ಇವೆರಡರ ನಡುವೆ ಮೂರನೆಯದೊಂದು ಉಂಟು. ನನ್ನನ್ನು ಕಾಡಿದ್ದು ಅದು. ಚೇರಿಂಗ್ ಕ್ರಾಸಿನ ಪಕ್ಕದ ನಾರ್ತಂಬರ್ಲೆಂಡ್ ಬೀದಿಯಲ್ಲಿ ಹೋಮ್ಸನ ಹೆಸರಿನದೇ ಒಂದು ಪಾನಗೃಹವಿದೆ. 1951ರ ಬ್ರಿಟನ್ ಉತ್ಸವಕ್ಕಾಗಿ ಮಾಡಿದ ಅವನ ಕೋಣೆಯ ಪ್ರತಿಕೃತಿಯನ್ನು 1957ರಲ್ಲಿ ಅಲ್ಲಿಗೆ ಸಾಗಿಸಿದರು. ಪಿಟೀಲು, ಕೊಳವೆ, ಅರ್ಧ ಓದಿದ ಪತ್ರಿಕೆ, ಎಲ್ಲವನ್ನೂ ಗಾಜಿನಾಚೆ ಕಾಣಬಹುದು. ನಮ್ಮ ಗುಂಪೂ ಅಲ್ಲಿ ಬಹಳ ಹೊತ್ತು ನಿಂತಿತು. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ, ಟ್ರಫಾಲ್ಗರ್ ಚೌಕದ ಮೂಲೆಯಲ್ಲಿ, ಹಿಂದೆ ಗ್ರ್ಯಾಂಡ್ ಹೋಟೆಲು ಎಂಬುದಿತ್ತು. 1907ರ ಜನವರಿಯಲ್ಲಿ ಆ ಹೋಟೆಲಿನ ಅಂಗಳದಲ್ಲಿ ಒಬ್ಬ ಮನುಷ್ಯ ಡಾಯ್ಲ್‌ನಿಗಾಗಿ ಕಾಯುತ್ತ ಕುಳಿತಿದ್ದ.

ಅವನು ಜಾರ್ಜ್ ಎಡಲ್ಜಿ. ತಂದೆ ಶಾಪುರ್ಜಿ ಮುಂಬಯಿಯ ಪಾರ್ಸಿ. ಕ್ರೈಸ್ತನಾಗಿ, ಇಂಗ್ಲಿಷ್ ಹೆಂಗಸನ್ನು ಮದುವೆಯಾಗಿ, ಸ್ಟ್ಯಾಫರ್ಡ್‌ಷೈರಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯ ಪಾದ್ರಿಯಾಗಿದ್ದ. ಕಪ್ಪು ಪಾದ್ರಿಯನ್ನು ಊರು ಸುಲಭವಾಗಿ ಒಪ್ಪಲಿಲ್ಲ. ವರ್ಷಗಟ್ಟಲೆ ಹೆಸರಿಲ್ಲದ ಬೈಗುಳದ ಕಾಗದಗಳು ಬಂದವು. 1903ರಲ್ಲಿ ಆ ಸೀಮೆಯ ಕುದುರೆ ದನಗಳ ಹೊಟ್ಟೆಯನ್ನು ಯಾರೋ ರಾತ್ರಿ ಹೊತ್ತು ಸೀಳತೊಡಗಿದಾಗ ಪೋಲೀಸರ ಕಣ್ಣು ಬಿದ್ದದ್ದು ಪಾದ್ರಿಯ ಮಗನ ಮೇಲೆ. ಜಾರ್ಜ್ ವಕೀಲಿ ಮಾಡುತ್ತಿದ್ದವನು; ರೈಲು ಪ್ರಯಾಣಿಕರಿಗಾಗಿ ಕಾನೂನಿನ ಕೈಪಿಡಿಯನ್ನು ಬರೆದಿದ್ದ ಸಾಧು. ಅವನಿಗೆ ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಮೂರು ವರ್ಷ ಕಳೆದ ಮೇಲೆ, ಕಾರಣವನ್ನೂ ಹೇಳದೆ, ಕ್ಷಮೆಯನ್ನೂ ಕೊಡದೆ ಬಿಟ್ಟರು.

ಡಾಯ್ಲ್ ಹೋಟೆಲಿಗೆ ತಡವಾಗಿ ಬಂದ. ದೂರದಿಂದಲೇ ನೋಡಿದ: ಎಡಲ್ಜಿ ಪತ್ರಿಕೆಯನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದು ಓದುತ್ತಿದ್ದ. ಡಾಯ್ಲ್ ಕಣ್ಣಿನ ವೈದ್ಯ ಕಲಿತವನು. 1891ರಲ್ಲಿ ಲಂಡನ್ನಿನಲ್ಲಿ ಚಿಕಿತ್ಸಾಲಯ ತೆರೆದಾಗ ಒಬ್ಬ ರೋಗಿಯೂ ಬರಲಿಲ್ಲವೆಂದು ತಾನೇ ಹೇಳಿಕೊಂಡಿದ್ದಾನೆ. ಅಂದು ಬಾರದ ರೋಗಿ ಹದಿನಾರು ವರ್ಷ ತಡವಾಗಿ ಬಂದು ಕುಳಿತಿದ್ದ. ಇಷ್ಟು ಮಂಜುಗಣ್ಣಿನವನು ನಡುರಾತ್ರಿಯಲ್ಲಿ ಬೇಲಿ ದಾಟಿ, ರೈಲು ಹಳಿ ದಾಟಿ, ಕತ್ತಲ ಹೊಲದಲ್ಲಿ ಕುದುರೆಯನ್ನು ಸೀಳುವುದು ಸಾಧ್ಯವೆ? ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಡಾಯ್ಲ್ ಬರೆದ ಲೇಖನಗಳು ದೇಶವನ್ನೆಬ್ಬಿಸಿದವು. ಸರಕಾರ ಸಮಿತಿ ಮಾಡಿತು, ಅದೇ ವರ್ಷ ಮೇ ತಿಂಗಳಲ್ಲಿ ಕ್ಷಮೆಯೂ ಬಂತು. ಆ ಕಾಗದಗಳಲ್ಲಿ ಕೆಲವನ್ನು ಎಡಲ್ಜಿಯೇ ಬರೆದು ತೊಂದರೆ ತಂದುಕೊಂಡನೆಂದು ಹೇಳಿ ಪರಿಹಾರ ಮಾತ್ರ ಕೊಡಲಿಲ್ಲ. ಕ್ರಿಮಿನಲ್ ಅಪೀಲಿನ ನ್ಯಾಯಾಲಯವೊಂದು ಇಂಗ್ಲೆಂಡಿನಲ್ಲಿ ಹುಟ್ಟಿದ್ದೂ ಆ ವರ್ಷದ ಕಾಯಿದೆಯಿಂದ. ಈ ಪ್ರಕರಣವೂ ಅದಕ್ಕೆ ಒಂದು ಪ್ರೇರಣೆ.

ಜನ ಡಾಯ್ಲ್‌ನ ಮಾತಿಗೆ ಕಿವಿಗೊಟ್ಟದ್ದು ಅವನು ಕಣ್ಣಿನ ವೈದ್ಯನೆಂದಲ್ಲ, ಹೋಮ್ಸನನ್ನು ಸೃಷ್ಟಿಸಿದವನೆಂದು. ಎಂದೂ ಇಲ್ಲದವನ ಹೆಸರಿನ ಬಲದಿಂದ ಇದ್ದವನೊಬ್ಬನ ಹೆಸರಿನ ಕೊಳೆ ಅಷ್ಟಾದರೂ ತೊಳೆಯಿತು. ಇದನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಬರಿಯ ಕಲ್ಪನೆ ಎನ್ನುವಂತಿಲ್ಲ. ಚಿತ್ರದ ಕುದುರೆ ಒಂದು ದಿನ ನಿಜವಾದ ಭಾರವನ್ನೇ ಎಳೆಯಿತು.

ನಮ್ಮ ಗುಂಪನ್ನು ನಡೆಸಿದವರು ಅರವತ್ತರ ಆಸುಪಾಸಿನ ಹೆಂಗಸು, ಒಳ್ಳೆಯ ಓದುಗರು. ಅವರು ಆ ಮೂಲೆಯನ್ನು ದಾಟಿ ಹೋದರು, ನಿಲ್ಲಲಿಲ್ಲ. ನಡಿಗೆ ಮುಗಿದ ಮೇಲೆ ಎಡಲ್ಜಿಯ ಮಾತೆತ್ತಿ ಕೇಳಿದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲು ಹೇಳುತ್ತಿದ್ದರಂತೆ. ಜನ ಮೌನವಾಗಿ ಕೇಳುತ್ತಿದ್ದರು. ಆದರೆ ಅಲ್ಲಿಂದ ಮುಂದೆ ಎಷ್ಟು ಹೇಳಿದರೂ ಹೋಮ್ಸನಿಗೆ ಜೀವ ಬರುತ್ತಿರಲಿಲ್ಲ, ಬಿಟ್ಟುಬಿಟ್ಟೆ ಎಂದರು. ವೈಟ್‌ಚಾಪೆಲ್ ನಡಿಗೆಗೆ ಎಷ್ಟು ಕರೆದರೂ ತಾವು ಹೋಗಿಲ್ಲ ಎಂಬುದನ್ನೂ ಸೇರಿಸಿದರು.

ಈ ಉತ್ತರವನ್ನು ನಾನು ಹಗುರವಾಗಿ ತಳ್ಳಲಾರೆ. ರಸಭಂಗವೆಂಬುದು ನಮ್ಮವರೂ ಒಪ್ಪಿದ ದೋಷ. ರಜೆಯ ದಿನ ಸಂತೋಷಕ್ಕೆ ಬಂದವನ ಮುಂದೆ ಸೆರೆಮನೆಯನ್ನು ತೆರೆದಿಡಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಆದರೂ ನನ್ನ ಮನಸ್ಸು ಒಪ್ಪದು. ಪಾತ್ರದ ಮೇಲಿನ ಪ್ರೀತಿ ಎಷ್ಟು ಗಟ್ಟಿಯೆಂದು ತಿಳಿಯಬೇಕಾದರೆ ಅದನ್ನು ಆ ಮೂಲೆಯಲ್ಲಿ ಎರಡು ನಿಮಿಷ ನಿಲ್ಲಿಸಿ ನೋಡಬೇಕು. ಅಷ್ಟಕ್ಕೇ ಹೋಮ್ಸ್ ಸಾಯುವುದಾದರೆ ನಾವು ಪ್ರೀತಿಸಿದ್ದು ಅವನ ಕಣ್ಣನ್ನಲ್ಲ, ಟೊಪ್ಪಿಗೆಯನ್ನು. ಆ ಟೊಪ್ಪಿಗೆಯಾದರೋ ಬಹುಮಟ್ಟಿಗೆ ಚಿತ್ರಕಾರ ಸಿಡ್ನಿ ಪ್ಯಾಜೆಟ್ ತೊಡಿಸಿದ್ದು.

ಮರುದಿನ ಒಬ್ಬನೇ ಆ ಮೂಲೆಗೆ ಹೋದೆ. ಹೋಟೆಲು ಈಗಿಲ್ಲ, ಹಳೆಯ ಕಟ್ಟಡವನ್ನು ಕೆಡವಿ ಅದರದೇ ಮುಖವಾಡದ ಹೊಸದನ್ನು ಕಟ್ಟಿದ್ದಾರೆ. ಅಲ್ಲಿಂದ ಪಿಕಾಡಿಲಿಗೆ ನಡೆದೆ. ಡಾಕ್ಟರ್ ವಾಟ್ಸನ್ನನು ತನ್ನ ಹಳೆಯ ಪರಿಚಿತನನ್ನು ಕಂಡು, ಅವನ ಮೂಲಕ ಹೋಮ್ಸನ ಸುದ್ದಿ ತಿಳಿದದ್ದು ಅಲ್ಲಿನ ಕ್ರೈಟೀರಿಯನ್ ಪಾನಶಾಲೆಯಲ್ಲಿ ಎಂದು ಕಥೆ. ನಡೆಯದ ಆ ಭೇಟಿಯ ನೆನಪಿಗೆ ಅಲ್ಲಿ ಫಲಕ ಹಾಕಿದ್ದು 1953ರ ಜನವರಿಯಲ್ಲಿ. ಜಾರ್ಜ್ ಎಡಲ್ಜಿ ಆಗ ಇನ್ನೂ ಬದುಕಿದ್ದ. ಲಂಡನ್ನಿನ ಉತ್ತರಕ್ಕಿರುವ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಅವನು ತೀರಿಕೊಂಡದ್ದು ಅದೇ ವರ್ಷ ಜೂನ್ ತಿಂಗಳಲ್ಲಿ.