ಕೌದಿಯೂ ಪರಿಗ್ರಹವೂ

ದಾವಣಗೆರೆಯಿಂದ ಚಿಕ್ಕಜಾಜೂರಿನ ಕಡೆಗೆ ಸಾಗುವ ರೈಲುದಾರಿಯಲ್ಲಿರುವ ಮಾಯಕೊಂಡದಲ್ಲಿ ನನ್ನ ಸೋದರತ್ತೆಯ ಮನೆಯುಂಟು. ಆ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ತಗಡಿನ ಟ್ರಂಕು. ಅದರೊಳಗೆ, ನಾನು ಅವರಿಗೆಂದು ಬೇರೆ ಬೇರೆ ವರ್ಷಗಳಲ್ಲಿ ಕೊಂಡು ತಂದು, ಒಂದೊಂದು ದಿನದ ಸೇವೆ ಸಲ್ಲಿಸಿ ನಿವೃತ್ತಿ ಹೊಂದಿದ ಹೊಲಿಗೆಯ ಉಪಕರಣಗಳು: ಅಂಗೈಯಲ್ಲಿ ಹಿಡಿದು ಒತ್ತುವ ಪುಟ್ಟ ಯಂತ್ರ, ಚಕ್ರದಂಥ ಅಲಗಿನ ಕಟರು, ಅದರ ಕೆಳಗೆ ಹಾಸಲೆಂದು ಹಸಿರು ಹಲಗೆ, ಸೂಜಿಗೆ ದಾರ ಪೋಣಿಸುವ ತಂತಿ. ಕೌದಿ ಹೊಲಿಯುವ ದಬ್ಬಣದ ಕಣ್ಣು ಅತ್ತೆಯ ಮಸುಕುಗಣ್ಣಿಗೂ ಕಾಣುವಷ್ಟು ದೊಡ್ಡದಾದುದರಿಂದ ಆ ತಂತಿಗೆ ಮೊದಲ ದಿನದ ಸೇವೆಯೂ ದೊರೆಯಲಿಲ್ಲ.

ಕಟರಿನ ಕಥೆ ಹೀಗೆ. 1979ರಲ್ಲಿ ಜಪಾನಿನಲ್ಲಿ ಹುಟ್ಟಿ, ಕೌದಿಗೆ ದಾಯಾದಿಯಾದ ಪಾಶ್ಚಾತ್ಯ ಕ್ವಿಲ್ಟುಗಳನ್ನು ಹೊಲಿಯುವವರ ಕೈಯಲ್ಲಿ ಪ್ರಸಿದ್ಧವಾದ ಈ ಉಪಕರಣ, ಗಂಜಿಯ ಬಿಗುಪು ಉಳಿದಿರುವ ಹೊಸ ಬಟ್ಟೆಯನ್ನು ಗೆರೆ ಎಳೆದಂತೆ ಕತ್ತರಿಸುವುದು ಸತ್ಯವೇ. ಆದರೆ ಕೌದಿಗೆ ಸೇರುವುದು ನೂರಾರು ಒಗೆತ ಕಂಡು ಮೆತ್ತಗಾದ ಸೀರೆ, ಧೋತರ, ಮಕ್ಕಳ ಅಂಗಿ. ಅಲಗು ಉರುಳಿದ ಕಡೆಯಲ್ಲೆಲ್ಲ ಅವು ಮುದುಡಿ ಜಾರಿದವು. ಅತ್ತೆ ಅದನ್ನು ಬದಿಗಿಟ್ಟು, ಸೀರೆಯ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಿಂದ ಹಿಡಿದು ಪರ್ರನೆ ಹರಿದರು. ನೂಲಿನ ಎಳೆಯನ್ನೇ ಅನುಸರಿಸಿ ಹರಿದ ಆ ಅಂಚು ಸ್ವಲ್ಪವೂ ಡೊಂಕಿಲ್ಲದೆ ಬಂದಿತು. “ಅರಿವೀಗೆ ತನ್ನ ದಾರಿ ಗೊತ್ತೈತಿ ತಮ್ಮಾ, ನಾವ್ಯಾಕೆ ಗೆರಿ ಹಾಕಬೇಕು?” ಎಂದರು.

ಜಾತ್ರೆಯ ಅಂಗಡಿಯೊಂದರಲ್ಲಿ ಕೊಂಡ ಕೈಯಂತ್ರದ್ದು ಇದಕ್ಕಿಂತಲೂ ಬೋಧಪ್ರದವಾದ ಸೋಲು. ಅಂಗಡಿಯವನು ಎರಡು ತೆಳು ಬಟ್ಟೆಗಳನ್ನು ಸರಸರನೆ ಹೊಲಿದು ತೋರಿಸಿದ್ದನು. ಐದಾರು ಪದರದ ಕೌದಿಯಲ್ಲಿ ಅದರ ಸೂಜಿ ಮುಂದೆ ಹೋಗಲೂ ಆರದೆ ಹಿಂದೆ ಬರಲೂ ಆರದೆ ನಿಂತಿತು. ಹೇಗೋ ಬಿದ್ದ ಗೇಣುದ್ದದ ಹೊಲಿಗೆಯ ಕೊನೆಯ ದಾರವನ್ನು ಅತ್ತೆ ಮೆಲ್ಲನೆ ಎಳೆದರು. ಹೊಲಿಗೆಯೆಲ್ಲ ಒಂದೇ ಉಸಿರಿಗೆ ಬಿಚ್ಚಿಕೊಂಡಿತು. ದರ್ಜಿಯ ಯಂತ್ರದಲ್ಲಿ ಮೇಲಿನ ದಾರವನ್ನು ಬಾಬಿನ್ನಿನ ಕೆಳದಾರ ಬಿಗಿಹಿಡಿಯುತ್ತದೆ. ಈ ಯಂತ್ರಕ್ಕಿರುವುದು ಒಂದೇ ದಾರ. ಅದರ ಪ್ರತಿಯೊಂದು ಕುಣಿಕೆಯೂ ಮುಂದಿನ ಕುಣಿಕೆಯನ್ನು ನಂಬಿ ನಿಂತಿರುವುದರಿಂದ ಕಟ್ಟಕಡೆಯದಕ್ಕೆ ಆಧಾರವೇ ಇಲ್ಲ. ಒಂದು ಸಾಧನ ಸೋತಾಗ ಮತ್ತೊಂದನ್ನು ನಂಬಿ ಕೊಳ್ಳುತ್ತ ಬಂದ ನನ್ನ ಖರೀದಿಗಳೂ ಇದೇ ಹೊಲಿಗೆಯವೆಂಬುದು ಅಂದು ಹೊಳೆಯಿತು.

ದೋಷ ವಸ್ತುವಿನದೋ, ಕೊಂಡವನದೋ? ಭಗವದ್ಗೀತೆಯ 18ನೆಯ ಅಧ್ಯಾಯದಲ್ಲಿ ಕರ್ಮಸಿದ್ಧಿಗೆ ಐದು ಕಾರಣಗಳನ್ನು ಎಣಿಸಲಾಗಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಕರಣವೆಂದರೆ ಉಪಕರಣ, ಐದರಲ್ಲಿ ಅದೊಂದು ಮಾತ್ರ. ಹಣ ಕೊಟ್ಟರೆ ಅಂಗಡಿಯಲ್ಲಿ ದೊರೆಯುವುದೂ ಅದೊಂದೇ ಆದುದರಿಂದ, ಮಿಕ್ಕ ನಾಲ್ಕೂ ಅದರ ಬೆನ್ನಿಗೆ ಬರುವುವೆಂದು ಭ್ರಮಿಸುವುದು ಕೊಳ್ಳುವವನ ಸಹಜವಾದ ಅವಿವೇಕ.

ಆದರೂ ನನ್ನ ಪಕ್ಷಕ್ಕೆ ಒಂದು ಸಮಾಧಾನವಿದ್ದಿತು. ಯಂತ್ರಗಳ ವಿಷಯದಲ್ಲಿ ಅಷ್ಟು ಕಠಿನರಾಗಿದ್ದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡ ಸಿಂಗರ್ ಪ್ರೀತಿಯಿಂದ ಅದನ್ನು ರಚಿಸಿದನೆಂಬುದು ಅವರು ಕೊಟ್ಟ ಕಾರಣ. ಅತ್ತೆಯ ಶ್ರಮ ತಗ್ಗಲೆಂಬ ನನ್ನ ಆಸೆಯೂ ಪ್ರೀತಿಯೇ ಅಲ್ಲವೆ? ಅಹುದು, ಆದರೆ ಆ ಕಥೆಯ ಗಂಡ ಹೊಲಿಯುವ ಕೈಯನ್ನು ನೋಡಿದ್ದನು, ನಾನು ನೋಡಿದ್ದು ಅಂಗಡಿಯನ್ನು. ಅತ್ತೆಗೆ ಕಷ್ಟವೆನಿಸುವುದು ಯಾವುದೆಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದಾಗ ಬಂದ ಉತ್ತರ ಇದು: “ಹೊಲಿಯೋದೇನ್ ಕಷ್ಟಲ್ಲ ಬಿಡು. ನೆಲದ ಮ್ಯಾಲೆ ಹಾಸಿ ಪದರ ಜೋಡಿಸುವಾಗ ಮಂಡಿ ಹಿಡಿತಾವು. ಆ ಕಡಿ ಮೂಲಿ ಹಿಡಿಯಾಕ ಒಬ್ರಿದ್ರ ಸಾಕು.”

ಅತ್ತೆಯ ಈ ‘ಸಾಕು’ ಶರಣರ ಒಂದು ಪ್ರಸಂಗವನ್ನು ನೆನಪಿಗೆ ತಂದಿತು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಹೆಚ್ಚಿನದು ಆಸೆಯ ಫಲವೆಂದು ತಿಳಿಸಿ, ಅದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಈ ಪ್ರಸಂಗವನ್ನು ನಾವು ನಿರ್ಲೋಭದ ಪಾಠವಾಗಿ ಓದುತ್ತೇವೆ. ನನಗೀಗ ಅದರಲ್ಲಿ ಮತ್ತೊಂದು ಅರ್ಥ ಕಾಣುತ್ತಿದೆ: ಎಷ್ಟು ಸಾಕೆಂಬುದು ತಂದವನಿಗಿಂತ ಅಟ್ಟು ಬಡಿಸುವವಳಿಗೆ ಚೆನ್ನಾಗಿ ತಿಳಿದಿತ್ತು. ಕೆಲಸದಲ್ಲಿ ಕೈಯಿಡದವನಿಗೆ ಅಗತ್ಯದ ಅಳತೆ ಸಿಕ್ಕುವುದಿಲ್ಲ. ಅಳತೆಯಿಲ್ಲದೆ ತಂದದ್ದು, ಪ್ರೀತಿಯ ಹೆಸರಿನಲ್ಲಿ ತಂದರೂ, ಪರಿಗ್ರಹವೇ.

ಕೌದಿ ಹೊಲಿಯಬೇಕೆನ್ನುವವರೂ ಹೊಲಿಸಬೇಕೆನ್ನುವವರೂ ಒಂದು ದಬ್ಬಣ, ಒಂದು ಕತ್ತರಿ, ಗಟ್ಟಿ ದಾರದ ಒಂದು ಉಂಡೆ ಇಷ್ಟನ್ನು ಕೊಂಡು ಮೊದಲ ಕೌದಿಯನ್ನು ಮುಗಿಸಲಿ. ಇನ್ನೇನಾದರೂ ಬೇಕಾದೀತೇ ಎಂಬುದನ್ನು ಆಮೇಲೆ, ಹೊಲಿದವರನ್ನು ಕೇಳಿ ನಿರ್ಧರಿಸಬಹುದು.