ಲೆಕ್ಕ ಗೊತ್ತಿದ್ದೂ ಹೂಡಿದ ಯುದ್ಧ

1941ರ ಆಗಸ್ಟ್ ಕೊನೆಯಲ್ಲಿ, ಟೋಕಿಯೋದ ಪ್ರಧಾನಿ ನಿವಾಸದಲ್ಲಿ ಯುವ ಅಧಿಕಾರಿಗಳ ತಂಡವೊಂದು ಮಂತ್ರಿಗಳ ಮುಂದೆ ವರದಿ ಮಂಡಿಸಿತು. ಸಮಗ್ರ ಯುದ್ಧ ಸಂಶೋಧನಾ ಸಂಸ್ಥೆಗೆ ಸೇರಿದ ಇವರು ಅಣಕು ಸಂಪುಟ ರಚಿಸಿಕೊಂಡು, ಅಮೆರಿಕದ ಮೇಲೆ ಯುದ್ಧ ಹೂಡಿದರೆ ಏನಾದೀತೆಂದು ತೈಲ, ಉಕ್ಕು, ಹಡಗುಗಳ ಲೆಕ್ಕ ಹಾಕಿದ್ದರು. ಮೊದಮೊದಲು ಗೆಲುವು, ಯುದ್ಧ ಎಳೆದರೆ ಸೋಲು, ಕೊನೆಗೆ ಸೋವಿಯತ್ ಒಕ್ಕೂಟದ ಪ್ರವೇಶ: ಇದು ಅವರು ಕಂಡ ಫಲ. ಹೆಚ್ಚುಕಡಿಮೆ ಹಾಗೆಯೇ ಆಯಿತು. ಯುದ್ಧಮಂತ್ರಿ ತೋಜೊ ಮಾತ್ರ ಅದನ್ನು ಒಪ್ಪಲಿಲ್ಲ. 1904ರಲ್ಲಿ ರಷ್ಯಾವನ್ನು ಎದುರಿಸಿದಾಗಲೂ ಗೆಲ್ಲುತ್ತೇವೆಂಬ ಖಾತರಿ ಇರಲಿಲ್ಲ ಎಂಬುದು ಅವನ ವಾದದ ತಿರುಳು.

ಜಪಾನ್ ಸೋತದ್ದು ಸಂಪನ್ಮೂಲವಿಲ್ಲದೆ ಎಂಬ ವಿವರಣೆ ಸುಳ್ಳಲ್ಲ, ಆದರೆ ಸಾಲದು. ತನಗೆ ಬೇಕಾದ ತೈಲದ ಸುಮಾರು ಶೇ. 80ರಷ್ಟನ್ನು ಅದು ಅಮೆರಿಕದಿಂದಲೇ ಕೊಳ್ಳುತ್ತಿತ್ತು. ಚೀನಾದ ಯುದ್ಧ ಮುಗಿಯದೆ ಇಂಡೋಚೀನಾದ ದಕ್ಷಿಣಕ್ಕೂ ಸೇನೆ ನುಗ್ಗಿಸಿದಾಗ ಆ ನಲ್ಲಿ ಬಂದಾಯಿತು. ಕೂಡಿಟ್ಟದ್ದು ಹೆಚ್ಚೆಂದರೆ ಎರಡು ವರ್ಷಕ್ಕೆ ಸಾಕಾಗುತ್ತಿತ್ತು. ಹಾಗಾಗಿ ಡಚ್ಚರ ಸುಮಾತ್ರಾ, ಬೋರ್ನಿಯೊಗಳ ತೈಲಬಾವಿಗಳ ಮೇಲೆ ಕಣ್ಣು ಬಿತ್ತು.

ಬಾವಿಗಳು ಸಿಕ್ಕವು. 1942ರ ಫೆಬ್ರುವರಿಯಲ್ಲಿ ಸುಮಾತ್ರಾದ ಪಾಲೆಂಬಾಂಗ್ ಕೈವಶವಾಯಿತು. ಆದರೆ ನೆಲದಡಿಯ ತೈಲ ಯುದ್ಧನೌಕೆಯ ಬಾಯ್ಲರಿಗೆ ತಲುಪಬೇಕಾದರೆ ಸಾವಿರಾರು ಮೈಲಿ ಸಮುದ್ರ ದಾಟಬೇಕು. ಆ ವರ್ಷದ ಮೇ 8ರಂದು ತೈಲ ತಂತ್ರಜ್ಞರನ್ನೂ ಉದ್ಯಮದ ಪರಿಣತರನ್ನೂ ದಕ್ಷಿಣಕ್ಕೆ ಒಯ್ಯುತ್ತಿದ್ದ ತೈಯೊ ಮಾರು ಹಡಗನ್ನು ಅಮೆರಿಕದ ಗ್ರೆನೇಡಿಯರ್ ಜಲಾಂತರ್ಗಾಮಿ ಮುಳುಗಿಸಿತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಬಾವಿ ಕೊರೆದು, ಸುಟ್ಟ ಶುದ್ಧೀಕರಣಾಗಾರ ರಿಪೇರಿ ಮಾಡಬೇಕಾದ ಕೈಗಳು ಅವು. ಒಂದು ದಿನದಲ್ಲಿ ಮತ್ತೆ ತಯಾರಾಗುವಂಥವಲ್ಲ. ಆದರೂ ಸರಕು ಹಡಗುಗಳ ಬೆಂಗಾವಲಿಗೆಂದೇ ಪ್ರತ್ಯೇಕ ಕಮಾಂಡ್ ರಚನೆಯಾದದ್ದು 1943ರ ನವೆಂಬರ್‌ನಲ್ಲಿ. ನೌಕಾಪಡೆಯ ಕನಸು ಒಂದು ಮಹಾ ಕಾಳಗದ್ದಾಗಿತ್ತು. ಸರಕು ಕಾಯುವುದು ಅದಕ್ಕೆ ವೀರರ ಕೆಲಸವಾಗಿ ಕಾಣಲಿಲ್ಲ. ಎರಡನೆಯ ವರ್ಷದಿಂದ ಹಡಗುಗಳ ನಷ್ಟ ಇಳಿಯುತ್ತದೆಂದು ಅಂದಾಜಿಸಿದ್ದರು; 1944 ಒಂದರಲ್ಲೇ ಸುಮಾರು 38 ಲಕ್ಷ ಟನ್ ಮುಳುಗಿತು. ಕೊನೆಗೆ ವಿಮಾನದ ಇಂಧನಕ್ಕಾಗಿ ಹಳ್ಳಿಗರನ್ನೂ ಶಾಲಾಮಕ್ಕಳನ್ನೂ ಪೈನ್ ಮರದ ಬೇರು ಅಗೆಯಲು ಹಚ್ಚಿದರು.

ಛಲವೇ ಸಾಮಗ್ರಿಯನ್ನು ಗೆಲ್ಲುತ್ತದೆ ಎನ್ನುವವರಿಗೆ 1905ರಲ್ಲಿ ರಷ್ಯಾದ ಮೇಲೆ ಸಿಕ್ಕ ಗೆಲುವು ದೊಡ್ಡ ಸಾಕ್ಷಿ. ಅದು ತಪ್ಪು ಸಾಕ್ಷಿ. ಆ ಯುದ್ಧ ನಡೆದದ್ದು ಲಂಡನ್, ನ್ಯೂಯಾರ್ಕ್‌ಗಳಲ್ಲಿ ಎತ್ತಿದ ಸಾಲದ ಮೇಲೆ. ಮಂಚೂರಿಯಾದ ಮುಕ್ಡೆನ್ ಕಾಳಗ ಗೆದ್ದ ಬೆನ್ನಿಗೇ ಜನರಲ್ ಕೊಡಾಮಾ ಟೋಕಿಯೋಗೆ ಬಂದು, ಇನ್ನು ಸಂಧಿ ಮಾಡಿಕೊಳ್ಳಿ ಎಂದು ಒತ್ತಾಯಿಸಿದ. ಅಮೆರಿಕದ ಅಂದಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಧ್ಯಸ್ಥಿಕೆ ವಹಿಸಿದ. ತೋಜೊ ನೆನೆದ ಗೆಲುವಿನ ಹಿಂದೆ ಶೌರ್ಯದಷ್ಟೇ ಲೆಕ್ಕವೂ, ನಿಲ್ಲಿಸುವ ವಿವೇಕವೂ ಇದ್ದವು. 1941ರಲ್ಲಿ ಮಧ್ಯಸ್ಥಿಕೆಗೆ ಬರಬಲ್ಲ ಆ ದೇಶದ ಮೇಲೆಯೇ ದಾಳಿ ನಡೆಯಿತು.

ಹಾಗಾದರೆ ಕೊರತೆ ಇದ್ದದ್ದು ಎಲ್ಲಿ? ತೈಲದಲ್ಲಿ ಎನ್ನುವುದಕ್ಕಿಂತ, ತೈಲವಿಲ್ಲ ಎಂಬ ಮಾತಿಗೆ ಅಧಿಕಾರ ಕೊಡುವ ವ್ಯವಸ್ಥೆಯಲ್ಲಿ. ಭೂಸೇನೆ, ನೌಕಾಪಡೆಗಳೆರಡೂ ನೇರ ಚಕ್ರವರ್ತಿಗೆ ಉತ್ತರದಾಯಿ. ಪ್ರಧಾನಿಯ ಹಿಡಿತ ಸಡಿಲ. ಗೆದ್ದ ತೈಲಕ್ಷೇತ್ರಗಳನ್ನೂ ಅವು ಬೇರೆಬೇರೆಯಾಗಿ ಹಂಚಿಕೊಂಡವು. 1941ರ ಅಕ್ಟೋಬರ್ 12ರಂದು ಪ್ರಧಾನಿ ಕೊನೊಯೆಯ ಮನೆಯಲ್ಲಿ ಸೇರಿದ ಸಭೆಯಲ್ಲಿ ನೌಕಾಮಂತ್ರಿ ಒಯಿಕಾವಾ, ಯುದ್ಧವೋ ಸಂಧಾನವೋ ಎಂಬ ನಿರ್ಧಾರವನ್ನು ಪ್ರಧಾನಿಗೇ ಬಿಟ್ಟ. ಗೆಲ್ಲಲಾಗದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೆ ಅಂಜಿಕೆಯೊಂದೇ ಕಾರಣವಲ್ಲ. ದಶಕಗಳಿಂದ ಅಮೆರಿಕವನ್ನೇ ಎದುರಾಳಿಯೆಂದು ತೋರಿಸಿ ನೌಕಾಪಡೆ ಹಣ, ಉಕ್ಕು ಪಡೆದಿತ್ತು. ಈಗ ಆಗದು ಎಂದರೆ ಆ ಪಾಲು ಭೂಸೇನೆಗೆ ಹೋಗುತ್ತಿತ್ತು. ನಾಲ್ಕು ದಿನದಲ್ಲಿ ಕೊನೊಯೆ ರಾಜೀನಾಮೆ ಕೊಟ್ಟ. ಅವನ ಜಾಗಕ್ಕೆ ತೋಜೊ ಬಂದ.