ಬಾಗಿಲು ತೆರೆಯುವವರು ಯಾರು?



'ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ' ಎಂಬ ಗಾದೆ ನಮ್ಮಂಥ ವೈದ್ಯರಿಗೂ ಒಪ್ಪುತ್ತದೆ. ಕೊರೋನಾ ಕಾಲದಲ್ಲಿ ರೋಗಿಗಳಿಗೆಲ್ಲ 'ಪ್ರಯಾಣ ಬೇಡ' ಎನ್ನುತ್ತಿದ್ದ ನಾವೇ 2021ರ ಏಪ್ರಿಲ್‌ನಲ್ಲಿ ತಾಯಿಯ ಕಾಯಿಲೆಗೆಂದು ಮೈಸೂರಿಗೆ ಹೋಗಿದ್ದೆವು. ಅದು ಕರ್ತವ್ಯ, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಕೇಳಬೇಕಾದದ್ದು ಹಿಂದಿರುಗಿದ ರೀತಿಯನ್ನು.

ಭಾರತವನ್ನು ಕೆಂಪು ಪಟ್ಟಿಗೆ ಸೇರಿಸುವುದಾಗಿ ಇಲ್ಲಿನ ಸರಕಾರ 19ರಂದು ಪ್ರಕಟಿಸಿತು. 23ರ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಜಾರಿ. ಅನಂತರ ಬಂದವರಿಗೆ ಹತ್ತು ದಿನ ಹೋಟೆಲ್ ವಾಸ, ಒಬ್ಬರಿಗೆ 1,750 ಪೌಂಡ್ ಖರ್ಚು. ನಾವು ಹೇಗೋ ಒಂದು ಸೀಟು ಹಿಡಿದು 22ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಮನೆ ಸೇರಿದೆವು. ಬಾಗಿಲು ತೆರೆದದ್ದು ಆಸ್ತಮಾ ಇರುವ ನಮ್ಮ ಮನೆಯಾಕೆ.

'ರೋಗಿಗಳು ಕಾಯುತ್ತಿದ್ದಾರೆ' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆವು. ಆದರೆ ಮನೆಯಲ್ಲಿಯೂ ಹತ್ತು ದಿನ ಪ್ರತ್ಯೇಕವಾಗಿಯೇ ಇದ್ದೆವು; ರೋಗಿಗಳಿಗೆ ಒಂದು ದಿನವೂ ಉಳಿಯಲಿಲ್ಲ. ಉಳಿದದ್ದು ನಮ್ಮ ಹಣ, ನಮ್ಮ ಹಾಸಿಗೆಯ ಸುಖ. ಮನಸ್ಸು ಮೊದಲು ತೀರ್ಮಾನಿಸುತ್ತದೆ, ಕಾರಣಗಳನ್ನು ಆಮೇಲೆ ಹುಡುಕುತ್ತದೆ. ವಿಮಾನದಲ್ಲಿ ಪಕ್ಕದವರು ಕೆಮ್ಮಿದರೆ ಬೆಚ್ಚಿದೆವು. ನಮ್ಮ ಉಸಿರಿನ ಬಗ್ಗೆ ಯೋಚಿಸಲಿಲ್ಲ. ಜೇಬಿನಲ್ಲಿ 'ನೆಗೆಟಿವ್' ಪತ್ರವಿತ್ತಲ್ಲ! ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆ ಅದನ್ನು ಹಿಡಿಯದೆ ಹೋಗಬಹುದೆಂದು ನಮಗಿಂತ ಚೆನ್ನಾಗಿ ತಿಳಿದವರು ಯಾರು?

ಡರ್ಬಿಶೈರಿನ ಈಮ್ ಹಳ್ಳಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1665ರಲ್ಲಿ ಅಲ್ಲಿಗೆ ಪ್ಲೇಗು ಬಂತು. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್ನರ ಮಾತಿಗೆ ಒಪ್ಪಿ ಜನ ಊರಿನ ಗಡಿ ದಾಟದೆ ಉಳಿದರು. ಗಡಿಯ ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ, ಅದರಲ್ಲಿ ನಾಣ್ಯವಿಟ್ಟು ಹೊರಗಿನಿಂದ ಆಹಾರ ತರಿಸಿಕೊಂಡರು. ಸುಮಾರು 260 ಜನ ಸತ್ತರು. ಪಾದ್ರಿಯ ಹೆಂಡತಿಯೂ ಅವರಲ್ಲೊಬ್ಬರು. ಆದರೆ ಅದಕ್ಕೆ ಮುಂಚೆಯೇ ಅವರು ತಮ್ಮಿಬ್ಬರು ಮಕ್ಕಳನ್ನು ಹೊರಗೆ ಕಳಿಸಿಬಿಟ್ಟಿದ್ದರು. ಅವರನ್ನು ಹಳಿಯಲು ನಮಗೆ ನಾಲಿಗೆ ಬರುವುದಿಲ್ಲ.

ಹಾಗಾದರೆ ಇದ್ದಲ್ಲೇ ಇರುವುದು ಮಾತ್ರ ಧರ್ಮವೇ? ಅಲ್ಲ. 1898ರಲ್ಲಿ ನಮ್ಮ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಹಿರಿಯರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಇಲಿ, ಚಿಗಟಗಳು ಮನೆಯೊಳಗಿದ್ದಾಗ ಹೊರಗೆ ಹೋಗುವುದೇ ಜಾಣತನ. ಬಯಲಿಗೆ ಹೋದವರು ಇನ್ನೊಬ್ಬರ ಮನೆಬಾಗಿಲಿಗೆ ರೋಗ ಒಯ್ಯಲಿಲ್ಲ.

ಆತ್ಮರಕ್ಷಣೆ ಪಾಪವಲ್ಲ. ಆದರೆ ಸೂಟ್‌ಕೇಸ್ ಕಟ್ಟುವಾಗ 'ನನಗೇನಾದೀತು?' ಎಂಬ ಪ್ರಶ್ನೆಯ ಜೊತೆಗೆ 'ಆ ತುದಿಯಲ್ಲಿ ಬಾಗಿಲು ತೆರೆಯುವವರು ಯಾರು?' ಎಂಬುದನ್ನೂ ಕೇಳಿಕೊಳ್ಳಬೇಕು. ಅವರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆಯಬೇಕು. ನಾವು ಫೋನಿನಲ್ಲಿ 'ಸೀಟು ಸಿಕ್ಕಿತು' ಎಂದೆವೇ ಹೊರತು 'ಬರಲೇ?' ಎಂದು ಕೇಳಲಿಲ್ಲ.

ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಅದೃಷ್ಟ. ನಮ್ಮ ತೀರ್ಮಾನ ಸರಿಯಿತ್ತೆಂಬುದಕ್ಕೆ ಸಾಕ್ಷಿಯಲ್ಲ.